ಎಡ ಅಂಗೈಯ ಓದು

ನನ್ನ ಕೈಯಲ್ಲಿ ಪುಸ್ತಕ ಕಂಡರೆ ಸಾಕು, ನಮ್ಮ ಅತ್ತೆ ಗುಂಡಮ್ಮನವರಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತದೆ. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ನಾನು ಒಮ್ಮೆ ಫೇಲಾದದ್ದೇ ಅವರಿಗೆ ನೆಪವಾಯಿತು. "ಇನ್ನ ಸಾಕು ಸಪ್ನಾ. ನಮ್ಮನಿ ಸೊಸಿ ನೌಕರಿ ಮಾಡಿ ಯಾರನ್ನ ಸಾಕೋದದ?" ಎಂದರು. ಭಾಲ್ಕಿ ಪೇಟೆಯ ಅಂಗಡಿಗೆ ಹೊರಟಿದ್ದ ಗಂಡ ಓಂಪ್ರಕಾಶ ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದರು.

ಈ ಮನೆಯಲ್ಲಿ ನನ್ನನ್ನು ಯಾರೂ ಕೂಗದ ಹೊತ್ತು ಒಂದೇ, ಇಷ್ಟಲಿಂಗ ಪೂಜೆಯದು. ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಎದೆಯ ಮಟ್ಟಕ್ಕೆ ಹಿಡಿದು, ಕಣ್ಣು ನೆಟ್ಟು ಕೂತವರನ್ನು ಮಾತಾಡಿಸಬಾರದು. ತವರೂರು ಔರಾದದಿಂದ ಅಪ್ಪ ಕೊಟ್ಟು ಕಳಿಸಿದ ಸಣ್ಣ ಟ್ಯಾಬನ್ನೂ ಹಾಗೆಯೇ ಹಿಡಿಯಬಹುದು ಎಂದು ಹೊಳೆದ ದಿನ ಒಬ್ಬಳೇ ನಕ್ಕೆ. ಕವರಿನ ಬೆನ್ನಿಗೆ ಹಳೆಯ ರವಿಕೆ ಖಣದ ಪಟ್ಟಿ ಹೊಲಿದೆ. ಪಟ್ಟಿಯೊಳಗೆ ನಾಲ್ಕು ಬೆರಳು ತೂರಿಸಿದರೆ ಭಾರವೆಲ್ಲ ಅಂಗೈ ಮೇಲೆ, ಹೆಬ್ಬೆರಳು ಪುಟ ಸರಿಸಲು ಖಾಲಿ. ಎಷ್ಟು ಹೊತ್ತು ಹಿಡಿದರೂ ಕೈ ಸೋಲುವುದಿಲ್ಲ. ಮೊದಲು ಪೂಜೆ, ಅದೂ ಮನಸ್ಸಿಟ್ಟೇ. ಲಿಂಗವನ್ನು ಕರಡಿಗೆಯಲ್ಲಿಟ್ಟ ಮೇಲೆ ಓದು. ಗೋಡೆಗೆ ಮುಖ, ತಲೆ ಮೇಲೆ ಸೆರಗು. ಹಿಂದಿನಿಂದ ನೋಡುವವರಿಗೆ ಎರಡೂ ಒಂದೇ.

ಅತ್ತೆ ಸುಮ್ಮನಿದ್ದರೆ ತಾನೇ? ಓಣಿಯೆಲ್ಲ ಡಂಗುರ ಸಾರಿದರು. "ನಮ್ಮ ಸಪ್ನಾ ತಾಸಗಟ್ಟಲೆ ಪೂಜಾಕ್ಕ ಕೂಡ್ತಾಳ್ರಿ." ಹೆಂಗಸರು ಬಂದು ನನ್ನ ಬೆನ್ನಿಗೆ ಕೈಮುಗಿದು ಹೋಗತೊಡಗಿದರು. ನಾನು ಕೆಮ್ಮುವಂತಿಲ್ಲ, ತಿರುಗುವಂತಿಲ್ಲ. ಓದಲೆಂದು ಹುಡುಕಿಕೊಂಡ ಮೂಲೆಯಲ್ಲೇ ಉಸಿರು ಕಟ್ಟುತ್ತಿತ್ತು.

ಪರೀಕ್ಷೆ ಭಾನುವಾರ, ಬೀದರದಲ್ಲಿ. ತವರಿಗೆ ಹೋಗುತ್ತೇನೆಂದು ಹೊರಟು ಬೀದರದಲ್ಲಿ ಇಳಿಯುವುದು ನನ್ನ ಲೆಕ್ಕಾಚಾರ. ಶನಿವಾರ ಅತ್ತೆ, "ತವರಿಗಿ ಮಧ್ಯಾನ ಹೋಗು. ಮುಂಜಾನಿ ಓಣಿ ಹೆಣ್ಮಕ್ಳೆಲ್ಲ ಪೂಜಾಕ್ಕ ಬರ್ತಾರ, ನೀನೇ ಮುಂದ ಕೂಡಬೇಕು" ಎಂದುಬಿಟ್ಟರು. ಒಲ್ಲೆ ಎನ್ನಲು ಕಾರಣ ಬೇಕಲ್ಲ. ಇದ್ದ ಒಂದು ಕಾರಣ ಹೇಳುವಂತಿರಲಿಲ್ಲ.

ಭಾನುವಾರ ಕೋಣೆ ತುಂಬ ಹೆಂಗಸರು. ಕಣ್ಣು ಲಿಂಗದ ಮೇಲೆ, ಕಿವಿ ಬಸ್ ಸ್ಟ್ಯಾಂಡಿನ ಕಡೆ. ತಿಂಗಳುಗಟ್ಟಲೆ ಓದಿದ್ದೆಲ್ಲ ನೀರುಪಾಲಾಯಿತಲ್ಲ! ಗೊತ್ತಿಲ್ಲದೆಯೇ ಹೆಬ್ಬೆರಳು ಅಭ್ಯಾಸಬಲದಿಂದ ಮೇಲಕ್ಕೆ ಸರಿಯಿತು.

ಪಕ್ಕದಲ್ಲಿದ್ದ ಅತ್ತೆ ಬಾಗಿ, "ಪುಟ ಮುಗೀತೇನ?" ಎಂದು ಪಿಸುಗುಟ್ಟಿದರು. "ಬಸ್ಸೂ ಹೋಗಿರಬೇಕು."

ಅವರಿಗೆ ಗೊತ್ತಿತ್ತು! ಗೊತ್ತಿದ್ದೇ ಈ ಭಾನುವಾರವನ್ನು ಆರಿಸಿದ್ದರು. ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟು ಎದ್ದುನಿಂತೆ.

"ಎಲ್ಲಿಗವ್ವಾ?" ಎಂದರು ಎದುರು ಮನೆಯ ಕಾಶೆಮ್ಮ.

"ಬೀದರಕ್ಕರಿ. ಇವತ್ತ ಟೀಚರ್ ಪರೀಕ್ಷಾ ಅದರಿ. ನಮ್ಮತ್ತಿಗೂ ಗೊತ್ತದ."

"ಪರೀಕ್ಷಾ ಇದ್ರೂ ಪೂಜಾ ಬಿಟ್ಟಿಲ್ಲ ನೋಡ್ರಿ!" ಕಾಶೆಮ್ಮ ಎಲ್ಲರ ಮುಖ ನೋಡಿದರು. "ಗುಂಡಮ್ಮ, ಏಳು, ಬುತ್ತಿ ಕಟ್ಟು. ಇಂಥಾ ಸೊಸಿ ಯಾರಿಗಿ ಸಿಗ್ತಾಳ?"

ತಾವೇ ಓಣಿಗೆಲ್ಲ ಹಂಚಿದ ಹೊಗಳಿಕೆ, ಈಗ ಇಲ್ಲ ಎನ್ನುವುದು ಹೇಗೆ? ಅತ್ತೆ ರೊಟ್ಟಿ, ಪುಂಡಿಪಲ್ಯ ಕಟ್ಟಿ ಬಾಗಿಲತನಕ ತಂದರು. ಗಂಟು ಕೊಡುವಾಗ ನನ್ನ ಕೈ ಬಿಡಲಿಲ್ಲ.

"ಹೋಗಿ ಬಾ. ನಾಳಿಂದ ಆ ಮೂಲ್ಯಾಗ ನಾನೂ ನಿನ್ನ ಬಾಜೂಕ ಕೂಡ್ತೇನಿ."

ಮುಂದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೋಗುವಷ್ಟರಲ್ಲಿ ಪರೀಕ್ಷೆಯ ಗೇಟು ತೆರೆದಿರುತ್ತದೋ ಇಲ್ಲವೋ ಗೊತ್ತಿಲ್ಲ. ನಾಳೆಯಿಂದ ಅತ್ತೆ ಪಕ್ಕದಲ್ಲಿ, ಆ ಮೂಲೆಯಲ್ಲಿ ಓದು ಮುಗಿದಂತೆಯೇ. ಬಲಗೈಯಿಂದ ಮೇಲಿನ ಸರಳು ಹಿಡಿದು, ಎಡಗೈ ಬೆರಳುಗಳನ್ನು ಟ್ಯಾಬಿನ ಖಣದ ಪಟ್ಟಿಯೊಳಗೆ ತೂರಿಸಿದೆ. ಬೀದರ ಬರುವತನಕ ನನ್ನನ್ನು ಯಾರೂ ಕೂಗುವುದಿಲ್ಲ. ಸೆರಗು ತಲೆಯಿಂದ ಜಾರಿತು, ಸರಿಪಡಿಸಿಕೊಳ್ಳದೆ ಓದತೊಡಗಿದೆ.