ಐದನೇ ಅಧ್ಯಾಯಕ್ಕೆ ಪ್ರತಿಕ್ರಿಯೆ

ಅಪ್ಪ ಸಭಾಂಗಣದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದದ್ದನ್ನು ಮೌನೇಶ್ವರಿ ನೋಡಿದಳು. ಅವಳು ಆಗಲೇ ವೇದಿಕೆಯ ಮೇಲೆ, ಮೈಕಿನ ಪಕ್ಕದ ಕುರ್ಚಿಯಲ್ಲಿ, ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎದ್ದು ಹೋಗಿ ಅಪ್ಪನನ್ನು ಹೊರಗೆ ಕಳಿಸುವ ಹಾಗಿರಲಿಲ್ಲ. ಪಾಲಕರ ಸಭೆ ಇದೆಯೆಂಬ ಮಾತನ್ನೇ ಅವಳು ಮನೆಯಲ್ಲಿ ಎತ್ತಿರಲಿಲ್ಲ. ಅಪ್ಪ ಭಾಗಣ್ಣ ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದ. ಮಗಳ ಮುಖದ ಪ್ರಶ್ನೆ ಕಂಡವನಂತೆ ಕಿಸೆಯಿಂದ ಮೊಬೈಲ್ ತೆಗೆದು ಎತ್ತಿ ತೋರಿಸಿದ. ಕಾಲೇಜಿನವರು ಎಲ್ಲ ಪಾಲಕರಿಗೂ ಮೆಸೇಜು ಕಳಿಸಿದ್ದರು. ಅದನ್ನು ಯಾರಿಂದಲೋ ಓದಿಸಿಕೊಂಡು ಬಂದಿದ್ದಾನೆ, ಪುಣ್ಯಾತ್ಮ.

ಇದೆಲ್ಲದರ ಮೂಲ ಆ ದಪ್ಪ ಪುಸ್ತಕ. ರಂಗಂಪೇಟೆಯ ಆ ಬಿ.ಎಡ್. ಕಾಲೇಜಿನಲ್ಲಿ ಮಕ್ಕಳ ಕಲಿಕೆಯ ಬಗೆಗಿನ ಪುಸ್ತಕವೊಂದನ್ನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹಂಚುತ್ತಿದ್ದರು, ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ. ಮೊದಲು ಸಾರಾಂಶ ಬರೆಯಬೇಕು, ಆಮೇಲೆ ಪ್ರತಿಕ್ರಿಯೆ. ಪ್ರತಿಕ್ರಿಯೆ ಎಂದರೆ ಓದಿದ್ದನ್ನು ತನ್ನ ಬದುಕಿಗೆ ತಾಳೆ ಹಾಕಿ ನೋಡುವುದು. ಮೌನೇಶ್ವರಿಯ ಪಾಲಿಗೆ ಬಂದದ್ದು ಐದನೇ ಅಧ್ಯಾಯ, ಮಗುವಿನ ಓದಿನಲ್ಲಿ ತಂದೆಯ ಪಾತ್ರ.

ಸಾರಾಂಶವನ್ನು ಅವಳು ಮತ್ತೆ ಮತ್ತೆ ಓದಿ, ತಿದ್ದಿ, ತಾನೇ ಬರೆದಳು. ಪ್ರತಿಕ್ರಿಯೆಗೆ ಬಂದಾಗ ಪೆನ್ನು ನಿಂತಿತು. ಪುಸ್ತಕದೊಳಗಿನ ತಂದೆಯರು ಮಕ್ಕಳಿಗೆ ಕಥೆ ಓದಿ ಹೇಳುತ್ತಿದ್ದರು, ಶಾಲೆಗೆ ಹೋಗಿ ಮಾಸ್ತರರ ಜೊತೆ ಚರ್ಚಿಸುತ್ತಿದ್ದರು. ಭಾಗಣ್ಣ ಕೊಡೇಕಲ್ ಆಚೆಯ ಹೊಳೆದಂಡೆಯ ಊರಿನಲ್ಲಿ ಮೀನು ಹಿಡಿಯುವವನು. ಕೈ ಮೀನು ನಾರುತ್ತದೆಂದು ಮಗಳ ಪುಸ್ತಕವನ್ನು ಒಂದು ದಿನವೂ ಮುಟ್ಟಿದವನಲ್ಲ. ಅದನ್ನೇ ಬರೆದಿದ್ದರೂ ಆಗುತ್ತಿತ್ತು. ಆದರೆ ಅದು ಬರೆಯುವಂಥ ಸಂಗತಿ ಎಂದು ಅವಳಿಗೆ ಅನ್ನಿಸಲಿಲ್ಲ.

ಹೀಗೆ ಪೆನ್ನು ನಿಂತವರೆಲ್ಲ ಹೋಗುವುದು ಮಸ್ತಾನಸಾಬನ ಜೆರಾಕ್ಸ್ ಅಂಗಡಿಗೆ. ಹಿಂದಿನವರ ಒಳ್ಳೆಯ ಅಂಕದ ಅಸೈನ್‌ಮೆಂಟುಗಳು ಅಲ್ಲಿ ಅಧ್ಯಾಯವಾರು ಸಿಗುತ್ತವೆ. ಊರು, ಹೆಸರು ಬದಲಿಸಿ, ಸ್ವಂತ ಅಕ್ಷರದಲ್ಲಿ ಬರೆದು ಕೊಟ್ಟರೆ ಮುಗಿಯಿತು. ಅದನ್ನು ಕಳವು ಎಂದು ಅಲ್ಲಿ ಯಾರೂ ತಿಳಿಯುತ್ತಿರಲಿಲ್ಲ, ಏಕೆಂದರೆ ಸಹಿ ಹಾಕುವ ಪ್ರಾಧ್ಯಾಪಕರೂ ಓದುತ್ತಿರಲಿಲ್ಲ. ಐದನೇ ಅಧ್ಯಾಯಕ್ಕೆ ಸಿಕ್ಕಿದ್ದು ಗುರುದೇವಿ ಎಂಬ ಹಳೆಯ ವಿದ್ಯಾರ್ಥಿನಿಯದು. ಪಾಪ, ಅವಳ ತಂದೆ ನಿಜಕ್ಕೂ ತೀರಿಹೋಗಿದ್ದ. ಮೌನೇಶ್ವರಿ ಊರು ಬದಲಿಸಿದಳು, ಹೊಲವನ್ನು ಹೊಳೆ ಮಾಡಿದಳು, ತಂದೆಯನ್ನು ಮಾತ್ರ ಸತ್ತವನಾಗಿಯೇ ಉಳಿಸಿದಳು. ಅವನನ್ನು ಬದುಕಿಸಿದರೆ ಇಡೀ ಪುಟವೇ ಕೆಡುತ್ತಿತ್ತು. ನಿಜ ಹೇಳಬೇಕೆಂದರೆ, ಸತ್ತ ತಂದೆಯ ಬಗ್ಗೆ ಬರೆಯಲು ಅವಳಿಗೆ ನಾಚಿಕೆಯಾಗಲಿಲ್ಲ.

ಗ್ರಹಚಾರಕ್ಕೆ ಈ ವರ್ಷ ಹೊಸದಾಗಿ ಬಂದ ಬಸವಲಿಂಗ ಸರ್ ಓದುವವರ ಪೈಕಿ. ಓದಿದರು, ಕಣ್ಣೊರೆಸಿಕೊಂಡರು, ಪಾಲಕರ ಸಭೆಯಲ್ಲಿ ಇದನ್ನು ನೀನೇ ಓದಬೇಕು ಎಂದರು.

ಈಗ ಅವರು ಮೈಕಿನ ಮುಂದೆ ನಿಂತು ಪಾಲಕರಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದರು. ಮಕ್ಕಳು ತಮ್ಮ ಸ್ವಂತ ಬದುಕನ್ನು ಬರೆದಿದ್ದಾರೆ. ನಕಲು ಮಾಡಿದ ಇಬ್ಬರಿಗೆ ಸೊನ್ನೆ ಹಾಕಿದ್ದೇನೆ, ಅವರು ಮುಂದಿನ ವರ್ಷ ಮತ್ತೆ ಬರಬೇಕಾಗುತ್ತದೆ, ಯಾರೂ ಶಿಫಾರಸು ತರಬೇಡಿ. ಭಾಗಣ್ಣ ಕೊನೆಯ ಬೆಂಚಿನಲ್ಲಿ ಕೂತು, ಒಳ್ಳೆಯದನ್ನೇ ಮಾಡಿದಿರಿ ಎನ್ನುವಂತೆ ತಲೆಯಾಡಿಸಿದ. ಮೌನೇಶ್ವರಿ ತೊಡೆಯ ಮೇಲಿನ ಹಾಳೆಗಳನ್ನು ಮಗುಚಿಟ್ಟಳು.

"ಈಗ ಓದೋ ಹುಡುಗಿ ಒಂಬತ್ತನೇ ಕ್ಲಾಸಿನ್ಯಾಗ ಇದ್ದಾಗನ ತಂದೀನ್ನ ಕಳಕೊಂಡಾಳ," ಎಂದರು ಸರ್. "ಕೂಲಿ ಮಾಡಿ ತಾಯಿ ಓದಿಸ್ಯಾಳ. ಮೌನೇಶ್ವರಿ, ಬಾರವಾ."

ಅವಳು ಎದ್ದಳು. ನೋಡಬಾರದೆಂದುಕೊಂಡರೂ ಕಣ್ಣು ಕೊನೆಯ ಬೆಂಚಿಗೇ ಹೋಯಿತು. ಭಾಗಣ್ಣನ ಬಾಯಿ ಸ್ವಲ್ಪ ತೆರೆದಿತ್ತು. ಬೇರೆ ಯಾರೋ ಮೌನೇಶ್ವರಿ ಎದ್ದು ಬರಬಹುದೆಂದು ಅವನು ಅಕ್ಕಪಕ್ಕ ನೋಡಿದ. ಯಾರೂ ಬರಲಿಲ್ಲ. ಆಮೇಲೆ ಅವನು ಮಗಳನ್ನು ನೋಡಿದ, ಅವಳ ಕೈಯ ಹಾಳೆ ನೋಡಿದ, ಬಾಯಿ ಮುಚ್ಚಿಕೊಂಡ.

ಬಸವಲಿಂಗ ಸರ್‌ಗೆ ತಡವಾಗಿ ಬಂದ ಈ ಹೊಸ ಮುಖ ಕಣ್ಣಿಗೆ ಬಿತ್ತು. ಯಾರ ಕಡೆಯವರು ಎಂದು ಮೈಕಿನಲ್ಲೇ ಕೇಳಿದರು. ಭಾಗಣ್ಣ ಎದ್ದು ನಿಂತ. ಸಭೆಯೆಲ್ಲ ಅವನತ್ತ ತಿರುಗಿತು.

"ಈ ಹುಡುಗಿ ಕಡಿಯಾಂವ್ರಿ," ಎಂದ.

"ಏನಾಗಬೇಕ್ರಿ ನೀವು ಈಕಿಗಿ?"

ಅಪ್ಪ ನಿಜ ಹೇಳಿದರೆ ಸೊನ್ನೆ. ಸೊನ್ನೆಗಿಂತ ಹೆಚ್ಚಾಗಿ, ಬದುಕಿರುವ ತಂದೆಯನ್ನು ಕೊಂದು ಅಂಕ ತೆಗೆದುಕೊಂಡವಳು ಎಂದು ಊರೂರಲ್ಲಿ ಮಾತಾಗುತ್ತದೆ. ಭಾಗಣ್ಣ ಹೆಗಲ ಮೇಲಿನ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಕಾಕಾ ಆಗಬೇಕ್ರಿ," ಎಂದ.

ಸರ್ ಬಹಳ ಸಂತೋಷಪಟ್ಟು ಅವನನ್ನು ಮುಂದಿನ ಸಾಲಿಗೆ ಕರೆದು ಕೂರಿಸಿದರು. ಇನ್ನು ಓದು ಎಂದರು. ಸಾರಾಂಶ ಹೇಗೋ ಸಾಗಿತು. ಪ್ರತಿಕ್ರಿಯೆಯ ಮೊದಲ ಸಾಲಿಗೆ ಬಂದು ಅವಳು ತಡೆದಳು. ಇಲ್ಲಿಗೇ ನಿಲ್ಲಿಸಿಬಿಡಲೇ ಎಂದು ತಲೆ ಎತ್ತಿದರೆ, ಭಾಗಣ್ಣ ಗದ್ದ ಆಡಿಸಿ ಓದೆಂದು ಸನ್ನೆ ಮಾಡಿದ. ಅವಳು ಓದಿದಳು. ತಂದೆ ತೀರಿಕೊಂಡದ್ದು ಓದಿದಳು, ದಿನಾ ಸಂಜೆ ಪಕ್ಕದಲ್ಲಿ ಕೂತು ಅವರು ಮಗ್ಗಿ ಕಲಿಸಿದ್ದು ಓದಿದಳು, ಕೊನೆಗೆ ಕೈ ಹಿಡಿದು ಓದು ಬಿಡಬೇಡ ಎಂದದ್ದನ್ನೂ ಓದಿದಳು. ದನಿ ನಡುಗಿದಾಗಲೆಲ್ಲ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಎಂಥ ದುಃಖ ಎಂದು ಅವರಿಗೇನು ಗೊತ್ತು! ಭಾಗಣ್ಣ ಯಾವನೋ ದೊಡ್ಡ ಮನುಷ್ಯನ ಕಥೆ ಕೇಳುವವನ ಹಾಗೆ ಅಲುಗದೆ ಕೂತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ತಾನೂ ತಟ್ಟಿದ.

ಸಭೆ ಮುಗಿದು ಅಂಗಳದಲ್ಲಿ ಚಹಾ ಕೊಡುತ್ತಿದ್ದಾಗ ಬಸವಲಿಂಗ ಸರ್ ಮೌನೇಶ್ವರಿಯನ್ನು ಕರೆದುಕೊಂಡು ಅವನ ಬಳಿಗೇ ಹೋದರು. ಅವನ ಎರಡೂ ಕೈ ಹಿಡಿದುಕೊಂಡು, ನಿಮ್ಮ ಅಣ್ಣ ಇದನ್ನು ಕೇಳಲು ಇರಬೇಕಿತ್ತು ಎಂದರು. ಒಳ್ಳೆಯ ಮನುಷ್ಯರು, ಮನಸ್ಸಿನಿಂದಲೇ ಹೇಳಿದರು.

"ಹೌದ್ರಿ ಸರ," ಎಂದ ಭಾಗಣ್ಣ. "ಭಾಳ ಜೀವ ಇತ್ರಿ ಅವಂಗ ಈಕಿ ಮ್ಯಾಲ. ಹೇಳಾಕ ಬರ್ತಿದ್ದಿಲ್ಲ, ಅಷ್ಟ."

ಮೌನೇಶ್ವರಿ ನೆಲ ನೋಡುತ್ತ ನಿಂತಳು. ಅಪ್ಪ ಅವಳನ್ನು ನೋಡಲಿಲ್ಲ. ಬಸ್ಸಿಗೆ ಹೊತ್ತಾಯಿತು, ಮನೆಯಲ್ಲಿ ಕೆಲಸ ಬಿಟ್ಟು ಬಂದಿದ್ದೇನೆ ಎಂದು ಸರ್‌ಗೆ ಹೇಳಿ, ಚಹಾದ ಲೋಟವನ್ನು ಕಟ್ಟೆಯ ಮೇಲಿಟ್ಟ. ಹುಡುಗಿ ಚೆನ್ನಾಗಿ ಓದುತ್ತಾಳೆ, ನಿಮ್ಮ ಕೈಯಲ್ಲಿದ್ದಾಳೆ ಎಂದು ಕೈ ಮುಗಿದ. ಹೊರಡುವ ಪಾಲಕರ ಗುಂಪಿನಲ್ಲಿ ಸೇರಿ ಗೇಟಿನ ಕಡೆ ನಡೆದ.

ಆ ಬಿಳಿ ಅಂಗಿ ದೂರವಾಗುವುದನ್ನು ಅವಳು ನೋಡಿದಳು. ಸರ್ ಪಕ್ಕದಲ್ಲೇ ಇದ್ದರು. ಸೊನ್ನೆಯ ಭಯ, ಜನರ ಭಯ, ಯಾವುದೂ ಅವಳನ್ನು ತಡೆಯಲಿಲ್ಲ.

"ಯಪ್ಪಾ," ಎಂದು ಕೂಗಿದಳು.

ಬಸವಲಿಂಗ ಸರ್ ಅವಳತ್ತ ತಿರುಗಿದರು. ಅವಳು ಇನ್ನೂ ಜೋರಾಗಿ ಕೂಗಿದಳು. ಗೇಟಿನ ಬಳಿ ಹೋಗುತ್ತಿದ್ದ ಗಂಡಸರಲ್ಲಿ ನಾಲ್ಕಾರು ಮಂದಿ, ಕರೆದವಳು ತಮ್ಮ ಮಗಳೇ ಇರಬೇಕೆಂದು ನಿಂತು ಹಿಂದಿರುಗಿ ನೋಡಿದರು. ಅವರ ನಡುವಿನಿಂದ ಭಾಗಣ್ಣನೊಬ್ಬನೇ ತಿರುಗದೆ ನಡೆಯುತ್ತಿದ್ದ.