ಸಾಬೇರಾಳ ಮೂವತ್ತನಾಲ್ಕು ಹಡಗುಗಳು

೧.

ಎಲ್ಲಿಂದ ಶುರು ಮಾಡಲಿ? ಇದು ಮೊದಲು ಕಥೆಯೇ ಆಗಿರಲಿಲ್ಲ ಎಂದು ಒಪ್ಪಿಕೊಂಡು ಶುರು ಮಾಡುವುದು ಮರ್ಯಾದೆ. ಸಂಪಾದಕರು ಕೇಳಿದ್ದು ಒಂದು ಗೇಮ್ ರಿವ್ಯೂ. ಬಾಹ್ಯಾಕಾಶದಲ್ಲಿ ಗ್ರಹ ಹಿಡಿಯುವ, ಒಬ್ಬರಾದ ಮೇಲೊಬ್ಬರು ಪಾಳಿ ಆಡುವ ವಿಡಿಯೋ ಗೇಮ್. ಅದರ ಗುಣವೇನು, ದೋಷವೇನು, ಒಂಬೈನೂರು ಪದ, ಸೋಮವಾರದೊಳಗೆ. ಒಪ್ಪಿಕೊಂಡೆ. (ಯಾದಗಿರಿಯಲ್ಲಿ ಕೂತು ಬರೆಯುವವನನ್ನು ಯಾರಾದರೂ ಏನಾದರೂ ಕೇಳುವುದೇ ಅಪರೂಪ. ಎಮ್ಮೆಯ ಕಾಲುಬಾಯಿ ಬೇನೆಯ ಬಗ್ಗೆ ಕೇಳಿದ್ದರೂ ಒಪ್ಪುತ್ತಿದ್ದೆ.) ನಾನು ಈ ಜನ್ಮದಲ್ಲಿ ಆಡಿದ ಸ್ಟ್ರ್ಯಾಟಜಿ ಗೇಮ್ ಎಂದರೆ ಚೌಕಾಬಾರ. ಅದರಲ್ಲೂ ತಂಗಿಯೇ ಗೆಲ್ಲುತ್ತಿದ್ದಳು.

ಹಾಗಾಗಿ ಆಟ ಬಲ್ಲವರನ್ನು ಹುಡುಕಿದೆ. ಸಿಕ್ಕವರು ಇಬ್ಬರು: ಶಹಾಪುರದ ಪ್ರಾಥಮಿಕ ಶಾಲೆಯ ಟೀಚರ್ ಯಶೋಧರಾ, ಸುರಪುರದ ರಂಗಂಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಸಾಬೇರಾ. ಹೈಸ್ಕೂಲಿನಿಂದ ಗೆಳತಿಯರು, ಈಗ ಇಬ್ಬರಿಗೂ ನಲವತ್ತೆರಡು. ನಾಲ್ಕು ವರ್ಷದಿಂದ ಒಂದೇ ಆಟ ಆಡುತ್ತಿದ್ದಾರೆ. ಒಬ್ಬಳು ತನ್ನ ಪಾಳಿ ಆಡಿ ಫೈಲನ್ನು ವಾಟ್ಸಾಪಿನಲ್ಲಿ ಕಳಿಸುತ್ತಾಳೆ, ಇನ್ನೊಬ್ಬಳು ಆಡಿ ಹಿಂದಿರುಗಿಸುತ್ತಾಳೆ. ದಿನಕ್ಕೊಂದು ಪಾಳಿ.

ನಾನು ಹೋದಾಗ ಅವರು ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. ರಿವ್ಯೂ ಕೆಟ್ಟದ್ದು ಅಲ್ಲಿಯೇ.

೨. ಗುಣಗಳು (ಸಂಪಾದಕರು ಇಷ್ಟಾದರೂ ಓದಲಿ)

ಈ ಆಟ ಕಾಯುತ್ತದೆ. ಇದೇ ಅದರ ಮೊದಲ ಗುಣ. ಯೂನಿಫಾರ್ಮ್ ಹೊಲಿದು ಮುಗಿಸಿ, ಅನ್ನ ಬಸಿದು, ಮೌಲ್ಯಮಾಪನದ ಪೇಪರು ತಿದ್ದಿ ಬನ್ನಿ. ನಿಮ್ಮ ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ನಿಮಗಾಗಿ ಇಷ್ಟು ತಾಳ್ಮೆಯಿಂದ ಕಾಯುವವರು ಮನೆಯಲ್ಲಿ ಯಾರಿದ್ದಾರೆ ಹೇಳಿ.

ಎರಡನೆಯದು, ಗ್ರಹಗಳಿಗೆ ಬೇಕಾದ ಹೆಸರು ಇಡಬಹುದು. ಸಾಬೇರಾಳ ರಾಮಸಮುದ್ರದಲ್ಲಿ ಟೈಟೇನಿಯಂ ಸಿಕ್ಕಿದೆ. ಅವಳ ಸೈದಾಪುರಕ್ಕೆ ಎರಡು ಚಂದ್ರ. ಯಶೋಧರಾ ತನ್ನ ರಾಜಧಾನಿಗೆ ತೀರಿಹೋದ ತಾಯಿಯ ಹೆಸರಿಟ್ಟಿದ್ದಾಳೆ: ಲಾಲಮ್ಮ. ನೀಲಿ ಗ್ರಹ, ಸುತ್ತ ತೆಳ್ಳಗೆ ಒಂದು ಉಂಗುರ. ಹೈಸ್ಕೂಲಿನ ಮೂರು ವರ್ಷ ಸಾಬೇರಾ ಆ ಲಾಲಮ್ಮನ ಕೈ ರೊಟ್ಟಿ ತಿಂದು ಬೆಳೆದವಳು. ಇದನ್ನು ನೆನಪಿಡಿ, ಜಗಳಕ್ಕೆ ಬೇಕಾಗುತ್ತದೆ.

೩.

(ಇಲ್ಲಿ ಮೊದಲು ಎರಡು ಪುಟ ಗ್ರಾಫಿಕ್ಸ್ ಬಗ್ಗೆ ಬರೆದಿದ್ದೆ. ಹರಿದು ಹಾಕಿದೆ. ನನಗೇ ನಿದ್ದೆ ಬಂತು.)

ಜಗಳಕ್ಕೆ ಬರೋಣ. ಯಶೋಧರಾಳ ತವರು ನಾರಾಯಣಪುರ ಕಾಲುವೆಯ ಕೆಳಗಿನ ಒಂದು ಹಳ್ಳಿ. ಅಲ್ಲಿ ನೀರು ಪಾಳಿಯ ಮೇಲೆ ಬರುತ್ತದೆ. ನಿಮ್ಮ ಪಾಳಿ ಬಂದಾಗ ನೀವು ಹೊಲದಲ್ಲಿ ಇಲ್ಲದಿದ್ದರೆ ಪಕ್ಕದ ಹೊಲದವರು ನಿಮ್ಮ ಮಡಿಗೆ ನೀರು ತಿರುಗಿಸುತ್ತಾರೆ. ಫೋನು ಮಾಡಿ ಕೇಳುತ್ತ ಕೂರುವುದಿಲ್ಲ, ಕೇಳುವಷ್ಟರಲ್ಲಿ ನೀರು ಮುಂದೆ ಹೋಗಿರುತ್ತದೆ. ಇದಕ್ಕೆ ಆ ಊರಲ್ಲಿ ಉಪಕಾರ ಎಂದೂ ಅನ್ನುವುದಿಲ್ಲ, ಅಷ್ಟು ಸಹಜ.

ರಮಜಾನ್ ಬಂತು. ಸಾಬೇರಾಳ ಅಂಗಡಿಯಲ್ಲಿ ಅರವತ್ತು ಜೋಡಿ ಬಟ್ಟೆ ಗುಡ್ಡೆ ಬಿದ್ದಿತ್ತು. ಒಂಬತ್ತು ದಿನ ಫೈಲು ಬರಲಿಲ್ಲ. ಹತ್ತನೆಯ ದಿನ ಯಶೋಧರಾ, ತಾನು ಕಳಿಸಿದ್ದ ಫೈಲಿನಲ್ಲೇ, ಗೆಳತಿಯ ಪಾಳಿಯನ್ನು ತಾನೇ ತೆರೆದಳು. ಪಾಸ್‌ವರ್ಡ್ ಗೊತ್ತಿತ್ತು, ಹಿಂದೊಮ್ಮೆ ಫೋನು ಕೆಟ್ಟಾಗ ಸಾಬೇರಾಳೇ ಕೊಟ್ಟಿದ್ದಳು.

"ಅಕಿಗಿ ಪುರಸೊತ್ತಿಲ್ಲ, ಇಷ್ಟು ಮಾಡಿ ಕೊಟ್ಟರ ಆತು ಅಂತ ಹೋದೆ ಸರ," ಎಂದಳು ಯಶೋಧರಾ. "ಖರೇ ಹೇಳ್ತೀನಿ, ಮನಸಿನ್ಯಾಗ ಬ್ಯಾರೆ ಏನೂ ಇರಲಿಲ್ಲ."

ಇದ್ದಿರಲಿಕ್ಕಿಲ್ಲ. ಆದರೆ ಕಾಲುವೆಯ ನೀರಿನ ಹಾಗೆ ಈ ಆಟ ಮುಂದೆ ಹರಿದುಹೋಗುವುದಿಲ್ಲ. ಒಂಬತ್ತು ದಿನವಲ್ಲ, ಒಂಬತ್ತು ವರ್ಷ ಬಿಟ್ಟರೂ ಕಾಯುತ್ತದೆ. ನಾಲ್ಕು ವರ್ಷ ಆಡಿದವಳು ಅದೊಂದನ್ನು ಮರೆತಳು.

ತೆರೆದರೆ ಏನು ಕಂಡಿತು? ಧೂಳಿನ ಮೋಡದ ಹಿಂದೆ, ಯಶೋಧರಾಳ ಕಡೆಯಿಂದ ಎಂದೂ ಕಾಣದ ಜಾಗದಲ್ಲಿ, ಸಾಬೇರಾಳ ಮೂವತ್ತನಾಲ್ಕು ಯುದ್ಧದ ಹಡಗುಗಳು. ಲಾಲಮ್ಮನಿಂದ ಒಂದೇ ಪಾಳಿಯ ದೂರ.

ಲಾಲಮ್ಮನನ್ನು ಹೊಡೆಯಲಿಕ್ಕೇ ನಿಂತಿವೆ ಎಂದುಕೊಂಡಳು ಯಶೋಧರಾ. ಮೂವತ್ತನಾಲ್ಕನ್ನೂ ಎತ್ತಿ ನಕ್ಷೆಯ ಇನ್ನೊಂದು ಮೂಲೆಗೆ ಓಡಿಸಿದಳು, ಪಾಳಿ ಮುಗಿಸಿದಳು, ಫೈಲು ಕಳಿಸಿದಳು. ಸಾಬೇರಾಳಿಂದ ಬಂದದ್ದು ಒಂದೇ ಸಾಲು: "ನನ್ನ ಪಾಳಿ ನೀ ಆಡಿದಿ." ಆಮೇಲೆ ಏನೂ ಇಲ್ಲ.

೩. (ಇನ್ನೊಮ್ಮೆ. ಸಾಬೇರಾಳ ಕಡೆಯಿಂದ ಬರೆಯದಿದ್ದರೆ ಅವಳು ಬಿಡುವುದಿಲ್ಲ.)

"ಸಾಬ್, ನೀವು ಅಕಿ ಕಡಿಗೇ ವಾಲಿ ಬರದೀರಿ," ಎಂದು ಸಾಬೇರಾ ಕತ್ತರಿ ಕೆಳಗಿಟ್ಟಳು. "ಕಾಲುವಿ, ನೀರು, ಹೊಲ ಅಂತ ಎಷ್ಟು ಚಂದ ಹಚ್ಚೀರಿ. ನಮ್ಮ ಧಂಧಾದಾಗ ಏನದ ಗೊತ್ತೇನು? ಒಬ್ಬರು ಅರ್ಧ ಹೊಲಿದ ಬಟ್ಟಿಗಿ ಇನ್ನೊಬ್ಬರು ಸೂಜಿ ಹಚ್ಚಂಗಿಲ್ಲ. ಎಷ್ಟೇ ತಡ ಆಗಲಿ. ಅದು ನನ್ನ ಅಪ್ಪನ ಮಾತು, ಬರಕೋರಿ."

ಬರೆದುಕೊಂಡೆ.

೪. ದೋಷಗಳು

ಕೊನೆಗೊನೆಗೆ ಆಟ ಎಳೆದಾಡುತ್ತದೆ. ಅರವತ್ತು ಗ್ರಹವಾದ ಮೇಲೆ ಪ್ರತಿ ಗ್ರಹವೂ "ಮುಂದೇನು ಕಟ್ಟಲಿ?" ಎಂದು ಕೇಳುತ್ತದೆ, ಕೂಡುಕುಟುಂಬದ ಅಡುಗೆಮನೆಯಂತೆ. ಅಕ್ಷರ ಸಣ್ಣವು. ಕಂಪ್ಯೂಟರೇ ಆಡಿಸುವ ಮೂರನೆಯ ಸಾಮ್ರಾಜ್ಯಕ್ಕೆ ಬುದ್ಧಿ ಕಡಿಮೆ, ದುರಾಸೆ ಜಾಸ್ತಿ. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಬಟನ್ ಇಲ್ಲ.

ಸಂಬಂಧಗಳ ಪರದೆಯಲ್ಲಿ ಇರುವುದು ಮೂರೇ: ಯುದ್ಧ, ಶಾಂತಿ, ವ್ಯಾಪಾರ. ಮುನಿಸಿಗೆ ಜಾಗವಿಲ್ಲ. ಈ ಗೇಮ್ ಮಾಡಿದವರಿಗೆ ಗೆಳತಿಯರು ಇರಲಿಲ್ಲವೆಂದು ಕಾಣುತ್ತದೆ.

ಎಲ್ಲಕ್ಕಿಂತ ದೊಡ್ಡ ದೋಷ: ಹಡಗು ಎಲ್ಲಿ ನಿಂತಿದೆ ಎಂದು ತೋರಿಸುತ್ತದೆ, ಯಾಕೆ ನಿಂತಿದೆ ಎಂದು ಹೇಳುವುದಿಲ್ಲ. ಹೊಡೆಯಲು ನಿಂತ ಹಡಗೂ ಕಾಯಲು ನಿಂತ ಹಡಗೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಆ ಮೂರನೆಯ ಸಾಮ್ರಾಜ್ಯವೂ ಲಾಲಮ್ಮನ ಕಡೆಗೇ ಬರುತ್ತಿತ್ತು ಎಂಬುದು ಆಮೇಲೆ ನಕ್ಷೆ ನೋಡಿದಾಗ ನನಗೆ ತಿಳಿಯಿತು. ಆದರೂ ಖಾತ್ರಿಯಿಲ್ಲ. ಸಾಬೇರಾ ಗೆಲ್ಲುವ ಆಸೆ ಇಲ್ಲದವಳೇನಲ್ಲ.

೫. ಮೂರು ಅಂತ್ಯಗಳು

(ಅ) ಮೂರನೆಯ ಸಾಮ್ರಾಜ್ಯ ಬಂದು ಲಾಲಮ್ಮನನ್ನು ಸುಟ್ಟುಹಾಕುತ್ತದೆ. ಸಾಬೇರಾಳ ಹಡಗುಗಳು ಕಾವಲಿಗಿದ್ದವೆಂದು ಯಶೋಧರಾಳಿಗೆ ಆಗ ತಿಳಿಯುತ್ತದೆ, ಅಳುತ್ತಾಳೆ. ಬರೆಯುವಾಗ ನನಗೂ ಕಣ್ಣು ತುಂಬಿತು. ಓದಿ ಸಾಬೇರಾ ನಕ್ಕಳು. "ನಮ್ಮವ್ವಗ ಸಮ ಇದ್ದಾಕಿ ಅಕಿ. ಆಟದಾಗೂ ಯಾಕ ಸುಡಿಸ್ತೀರಿ? ತಗೀರಿ." ತೆಗೆದೆ.

(ಆ) ಈದ್ ದಿನ ಯಶೋಧರಾ ಬರುತ್ತಾಳೆ, ಹಬ್ಬದ ಶಾವಿಗೆ ಪಾಯಸ ಸುರಕುಂಬಾ ಕುಡಿಯುತ್ತಾಳೆ, ಇಬ್ಬರೂ ತಬ್ಬಿಕೊಳ್ಳುತ್ತಾರೆ. ಇದಕ್ಕೆ ಯಶೋಧರಾ ರೇಗಿದಳು. "ಪೇಪರಿನ್ಯಾಗ ಭಾವೈಕ್ಯ ಅಂತ ಫೋಟೋ ಹಾಕ್ತಾರಲ್ಲ, ಹಂಗಾಗ್ಯದ ಇದು. ನಾವು ಜಗಳ ಆಡಿದ್ದು ಹಡಗಿಗ್ರಿ. ಅಕಿ ಸಾಬರಾಕಿ, ನಾ ಬುದ್ಧನಾಕಿ ಅಂತ ಅಲ್ಲ." ನಾಚಿಕೆಯಾಯಿತು. ತೆಗೆದೆ.

(ಇ) ಫೋನು ಕಳುವಾಗುತ್ತದೆ, ಆಟವೇ ಅಳಿಸಿಹೋಗುತ್ತದೆ. ಇದನ್ನು ಯಾರಿಗೂ ತೋರಿಸಲಿಲ್ಲ. ಕೈಲಾಗದ ಬರಹಗಾರ ಮಾಡುವ ಕೆಲಸ.

೬.

ಇಪ್ಪತ್ತೆರಡನೆಯ ದಿನ ಸಾಬೇರಾಳನ್ನು ನೇರ ಕೇಳಿಯೇ ಬಿಟ್ಟೆ. ಹಡಗು ಹೊಡೆಯಲಿಕ್ಕೆ ನಿಂತಿದ್ದವೋ, ಕಾಯಲಿಕ್ಕೋ?

ಅವಳು ದಾರ ಹಲ್ಲಿನಿಂದ ಕಡಿದಳು. "ಅದನ್ನ ಅಕಿ ಕೇಳಬೇಕಿತ್ತು ಸಾಬ್. ಪಾಳಿ ಆಡಿದ್ದಕ್ಕ ನನಗ ಸಿಟ್ಟು ಬಂದಿದ್ದು ಮೂರು ದಿನ. ಆಮ್ಯಾಲಿಂದ ಅಕಿ ಕೇಳ್ತಾಳ ಅಂತ ಕುಂತೀನಿ. ನನ್ನ ಮ್ಯಾಲೆ ಗುಮಾನಿ ಪಟ್ಟಾಕಿ, ಒಂದ್ ಮಾತು ಕೇಳಬಾರದೇನು?" ಮತ್ತೆ ಮಶಿನ್ ತುಳಿಯತೊಡಗಿದಳು.

ನಾನು ಬಸ್ ಹತ್ತಿ ಶಹಾಪುರಕ್ಕೆ ಹೋಗಿ ಇಷ್ಟನ್ನೂ ಯಶೋಧರಾಳಿಗೆ ಒಪ್ಪಿಸಿದೆ. (ಬರಹಗಾರ ಪಾತ್ರಗಳ ನಡುವೆ ಚಾಡಿ ಹೇಳಬಾರದೆಂಬ ನಿಯಮ ಇದ್ದರೆ ಇರಲಿ.)

"ಕೇಳಾಕ ಅಂಜಿಕಿ ಬಂತು ಸರ," ಎಂದಳು. "ಹೊಡ್ಯಾಕೇ ನಿಂತಿದ್ವು ಅಂದ್ರ ನಾ ಏನ್ ಮಾಡ್ಲಿ?"

ಶನಿವಾರ ಮುಂಜಾನೆಯ ಶಾಲೆ ಬಿಟ್ಟೊಡನೆ ಸುರಪುರದ ಬಸ್ಸು ಹತ್ತಿದಳು. ಹಿಂದಿನ ಸೀಟಿನಲ್ಲಿ ನಾನೂ ಇದ್ದೆ, ನೋಟ್‌ಬುಕ್ ಹಿಡಿದು. ಕಥೆಯ ಕೊನೆ ಕೈಗೆ ಬಂತೆಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಚಪ್ಪಲಿಯನ್ನೂ ಬಿಡದೆ, ಯಶೋಧರಾ ಕೇಳಿದಳು: "ಸಾಬೇರಾ, ಹಡಗ ಯಾಕ ನಿಂದರಿಸಿದ್ದಿ?"

ಮಶಿನ್ ನಿಂತಿತು. ಸಾಬೇರಾ ಎದ್ದು ಬಂದು ಗೆಳತಿಯ ಕೈ ಹಿಡಿದು ಒಳಗೆ ಎಳೆದುಕೊಂಡಳು. ಅವಳ ಹಿಂದೆಯೇ ನಾನು ಒಂದು ಕಾಲು ಒಳಗಿಟ್ಟೆ.

"ನೀವು ಹೊರಗ ನಿಂದರ್ರಿ ಸಾಬ್."

"ಕೊನೆ ಇದೇ ಅಲ್ಲೇನ್ರಿ, ಓದುಗರಿಗೆ ನಾನು ಏನು ಹೇಳಲಿ?"

"ಅವರೂ ನಿಮ್ಮ ಸಂಗಟ ಹೊರಗ ನಿಂದರಲಿ."

ಶಟರ್ ಕೆಳಗೆ ಬಂತು, ನೆಲದಿಂದ ಒಂದು ಮೊಳ ಬಿಟ್ಟು. ಆ ಸಂದಿಯಲ್ಲಿ ನಾಲ್ಕು ಪಾದಗಳು ಕಾಣುತ್ತಿವೆ. ಒಬ್ಬಳು ಏನೋ ಹೇಳಿದಳು. ಇನ್ನೊಬ್ಬಳು "ಹೌದಾ?" ಎಂದಳು, ಯಾರೆಂದು ಗೊತ್ತಾಗಲಿಲ್ಲ. ಎದುರಿನ ಬೇಕರಿಯವನು ನನ್ನನ್ನು ಅನುಮಾನದಿಂದ ನೋಡುತ್ತಿದ್ದಾನೆ.

ಓದುಗರೇ, ಬಗ್ಗಿ ಕಿವಿ ಕೊಟ್ಟರೆ ಕೇಳಿಸುತ್ತದೆ, ಅದೂ ನಿಜ. ಬೇಡ, ನಡೆಯಿರಿ, ಹೋಗೋಣ. ಇಪ್ಪತ್ತೈದು ದಿನದ ಮೇಲೆ ಅವರು ಮಾತಾಡುತ್ತಿದ್ದಾರೆ.