ಗ್ಯಾಸ್ ಟ್ಯಾಂಕಿನ ಕೆಳಗಿನ ಹಾಲುಕಳೆ

ಸೋಯಾ ಸಾಲಿನ ನಡುವೆ ಒಂದು ಕಳೆ ತಲೆಯೆತ್ತಿ ನಿಂತರೆ ನಮ್ಮ ಕಡೆಯವರಿಗೆ ನಿದ್ದೆ ಬರುವುದಿಲ್ಲ. ಅಯೋವಾದಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಗೊತ್ತಿರುವ ರೋಗ ಇದು. ನಾವು ಚಿಕ್ಕವರಿದ್ದಾಗ ಜುಲೈ ಬಂತೆಂದರೆ ಬೆಳಗ್ಗೆ ಆರಕ್ಕೇ ಮನೆಮಂದಿಯೆಲ್ಲ ಉದ್ದ ಹಿಡಿಯ ಕುಡುಗೋಲು ಹಿಡಿದು ಸಾಲು ಸಾಲು ನಡೆಯಬೇಕಿತ್ತು. ಮೊಣಕಾಲಿನವರೆಗೆ ಪ್ಯಾಂಟು ಇಬ್ಬನಿಯಲ್ಲಿ ತೊಯ್ದು ಹೋಗುತ್ತಿತ್ತು. ಕಂಡ ಕಳೆಯನ್ನೆಲ್ಲ ಕಡಿಯಬೇಕು, ಅದರಲ್ಲೂ ಹಾಲುಕಳೆಯನ್ನು ಬಿಡಲೇಬಾರದು. ಎಕ್ಕದ ಬಳಗದ ಗಿಡ ಅದು, ಕಡಿದರೆ ಬಿಳಿ ಹಾಲು ಸುರಿಸುತ್ತದೆ. ಯಾರ ಹೊಲ ಶುದ್ಧ, ಯಾರ ಹೊಲ ಕೊಳಕು ಎನ್ನುವುದನ್ನು ಭಾನುವಾರ ಚರ್ಚಿಗೆ ಹೋಗುವಾಗ ಕಾರಿನ ಕಿಟಕಿಯಿಂದಲೇ ತೀರ್ಮಾನ ಮಾಡಿಬಿಡುತ್ತಿದ್ದೆವು.

ಈ ರೋಗ ಎಲ್ಲರಿಗಿಂತ ಜೋರಾಗಿ ತಗುಲಿದ್ದು ನನ್ನ ಅಣ್ಣ ಲೋವೆಲ್‌ಗೆ. ನನ್ನ ಹೆಸರು ಮಾರ್ಲಿಸ್. ಊರ ಗ್ರಂಥಾಲಯದ ಮುಂದಿನ ಹೂದೋಟ ನೋಡಿಕೊಳ್ಳುವವಳು ನಾನೇ. ಚಿಟ್ಟೆ ವಿಷಯ ಎತ್ತಿದರೆ ಬಾಯಿ ಮುಚ್ಚುವುದಿಲ್ಲ ಎಂದು ಹೆಸರು ಕೆಡಿಸಿಕೊಂಡವಳೂ ನಾನೇ.

ಈ ವರ್ಷ ಡಾಕ್ಟರು ಹೃದಯದ ಹೆಸರು ಹೇಳಿ ಹೆದರಿಸಿದ್ದರಿಂದ ಅಣ್ಣ ಹೊಲವನ್ನು ಗೇಣಿಗೆ ಕೊಟ್ಟ. ಅಲ್ಲಿಗೆ ಮುಗಿಯಿತು ಮನೆಯ ನೆಮ್ಮದಿ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ವಾರಕ್ಕೆ ಮೂರು ಸಲ ಅಂಗಳದ ಹುಲ್ಲು ಕತ್ತರಿಸಿದ. ಸರಿಯಾಗಿಯೇ ಇದ್ದ ಬಾಗಿಲಿನ ಕೀಲು ಬಿಚ್ಚಿ ಮತ್ತೆ ಹಾಕಿದ. ಅತ್ತ ಅತ್ತಿಗೆ ಆರ್ಡಿತ್‌ಗೆ ಸೊಂಟದ ಕೀಲಿನ ಆಪರೇಷನ್ ಆಗಿ, ಅವಳು ಹಿತ್ತಲಿನ ಜಾಲರಿ ಹಾಕಿದ ಜಗಲಿಯಲ್ಲಿ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಅವನು ಓಡಾಡುವುದನ್ನು ನೋಡಿ ನೋಡಿ ಅವಳಿಗೆ ತಲೆ ತಿರುಗುತ್ತಿತ್ತು.

ಆ ಕುರ್ಚಿಗೆ ಎದುರಾಗಿ, ಅಂಗಳದಲ್ಲಿ, ಮನೆ ಬಿಸಿಮಾಡುವ ದೊಡ್ಡ ಗ್ಯಾಸ್ ಟ್ಯಾಂಕ್ ಇದೆ. ಅದರ ಕಾಲುಗಳ ಸಂದಿಗೆ ಹುಲ್ಲು ಕತ್ತರಿಸುವ ಮೆಷಿನ್ನು ಹೋಗುವುದಿಲ್ಲ. ಅಲ್ಲಿ ಏಳು ಹಾಲುಕಳೆ ಗಿಡ ಎದ್ದಿದ್ದವು. ಆಗಸ್ಟಿನ ಮೊದಲ ವಾರ ನಾನು ಬಗ್ಗಿ ಎಲೆ ತಿರುಗಿಸಿ ನೋಡಿದರೆ ಹಳದಿ, ಕಪ್ಪು, ಬಿಳಿ ಪಟ್ಟೆಯ ಪುಟಾಣಿ ಹುಳುಗಳು. ಎಣಿಸಿದೆ, ಹನ್ನೊಂದು. ಮೊನಾರ್ಕ್ ಚಿಟ್ಟೆಯ ಮರಿಗಳು. ಅಂದಿನಿಂದ ಅತ್ತಿಗೆ ಮಡಿಲಲ್ಲಿ ದುರ್ಬೀನು ಇಟ್ಟುಕೊಂಡು ಕೂತಳು. ದಿನಾ ಬೆಳಗ್ಗೆ ನನಗೆ ಫೋನ್ ಮಾಡಿ ಯಾವುದು ಎಷ್ಟು ದಪ್ಪಗಾಗಿದೆ ಎಂದು ವರದಿ ಒಪ್ಪಿಸುತ್ತಿದ್ದಳು. ಒಂದು ದಿನ ಹೇಳಿದಳು, "ಮಾರ್ಲಿಸ್, ಹುಡುಗಿಯಾಗಿದ್ದಾಗ ನಾನೇ ಈ ಕೈಯಲ್ಲಿ ಎಷ್ಟು ಗಿಡ ಕಡಿದಿದ್ದೀನೋ ಲೆಕ್ಕ ಇಲ್ಲ. ಆಗ ಆಕಾಶದ ತುಂಬ ಇರ್ತಿದ್ವು ಈ ಚಿಟ್ಟೆಗಳು. ಈಗ ಇಡೀ ಬೇಸಿಗೇಲಿ ಎರಡು ಕಂಡೆ. ಈ ಹನ್ನೊಂದಾದ್ರೂ ಹಾರಿಹೋಗೋದನ್ನ ನೋಡ್ಬೇಕು ಕಣೇ."

ಇದೆಲ್ಲ ಅಣ್ಣನಿಗೂ ಹೇಳಿದ್ದಳು. ಅವನು ಹೂಂ ಹೂಂ ಎಂದಿದ್ದ, ಕೇಳಿಸಿಕೊಂಡಿರಲಿಲ್ಲ.

ಒಂದು ಸೋಮವಾರ ಸಂಜೆ ಅವಳು ನೋವಿನ ಮಾತ್ರೆ ನುಂಗಿ ಮಲಗಿದ್ದಾಗ ಅಣ್ಣ ಶೆಡ್ಡಿನಿಂದ ಹಳೆಯ ಕುಡುಗೋಲು ತೆಗೆದ. ಸುಮ್ಮನೆ ಸಾಣೆ ಹಿಡಿಯೋಣವೆಂದು ತೆಗೆದನಂತೆ. ಹರಿತವಾದ ಕುಡುಗೋಲು ಕೈಯಲ್ಲಿ, ಕಣ್ಣೆದುರಿಗೆ ಹಾಲುಕಳೆ. ಏಳೂ ಗಿಡ ನೆಲಕ್ಕೆ ಬಿದ್ದವು. ಜಲ್ಲಿಯ ಮೇಲೆ ಒಟ್ಟಿ, ಬಹಳ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿ ಮಲಗಿದ.

ಬೆಳಗ್ಗೆ ಅತ್ತಿಗೆ ಫೋನ್ ಮಾಡಿ ಏಳೂ ಗಿಡ ಹೋದವು ಎಂದಳು. ನಾನು ಹೋಗುವಷ್ಟರಲ್ಲಿ ಅಣ್ಣ ಮುಖ ಸಣ್ಣಗೆ ಮಾಡಿಕೊಂಡು, ಬಾಡಿದ ಗಿಡಗಳಿಂದ ಹುಳುಗಳನ್ನು ಒಂದೊಂದಾಗಿ ಎಲೆ ಸಮೇತ ಬಿಡಿಸಿ ಬಕೆಟ್ಟಿಗೆ ಹಾಕುತ್ತಿದ್ದ. ಹನ್ನೊಂದೂ ಸಿಕ್ಕವು. ಆದರೆ ಎಲೆಗಳು ಆಗಲೇ ಮುದುಡಿದ್ದವು, ಮಧ್ಯಾಹ್ನದ ಬಿಸಿಲಿಗೆ ಹಪ್ಪಳವಾಗುವುದು ಖಂಡಿತ.

ಎಲೆಕೋಸು ಹಾಕಿದರೆ ತಿನ್ನುವುದಿಲ್ಲವೇ ಎಂದು ಕೇಳಿದ.

"ಹಾಲುಕಳೆ ಒಂದು ಬಿಟ್ಟು ಬೇರೆ ಎಲೆ ಮುಟ್ಟಲ್ಲ ಅಣ್ಣ. ಹಸ್ಕೊಂಡು ಸಾಯ್ತವೆ. ಅದಕ್ಕೇ ತಾಯಿಚಿಟ್ಟೆ ಬೇರೆಲ್ಲೂ ಮೊಟ್ಟೆ ಇಡಲ್ಲ."

ನನ್ನ ಗ್ರಂಥಾಲಯದ ತೋಟದಲ್ಲಿ ಇವೆಯಲ್ಲ ಎಂದ. ಇವೆ, ಹೋದ ನವೆಂಬರಿನಲ್ಲಿ ಬಿತ್ತಿದ್ದು, ಇನ್ನೂ ಬೆರಳುದ್ದ. ಒಂದು ಹುಳುವಿನ ಒಂದು ತುತ್ತಿಗೂ ಸಾಲದು. "ಆ ಬೀಜ ಕೊಟ್ಟವಳ ಹತ್ರ ಬೇಕಾದಷ್ಟಿದೆ. ವೆರ್ಲಾ ಮನೆ ಹತ್ರದ ಹಳ್ಳದ ತಿರುವಿನಲ್ಲಿ. ನಡಿ ಹೋಗೋಣ" ಎಂದೆ.

ಅಣ್ಣ ಕೀಲಿಕೈ ತೆಗೆದುಕೊಂಡ. "ಅಲ್ಲೊಂದು ಬೇಡ. ಕಳೆಗೇನು ಬರವಾ? ದಾರೀಲೇ ಸಿಗುತ್ತೆ."

ಅಲ್ಲೇಕೆ ಬೇಡ ಎನ್ನುವುದು ಊರಿಗೇ ಗೊತ್ತು. ಹದಿನಾಲ್ಕು ವರ್ಷದ ಹಿಂದೆ ವೆರ್ಲಾಳ ಸೋಯಾ ಹೊಲದಲ್ಲಿ ಬೆಳೆಗಿಂತ ಕಳೆಯೇ ಎತ್ತರವಾಗಿತ್ತು. ಅಣ್ಣ ಒಂದು ಕುಡುಗೋಲಿಗೆ ಉಡುಗೊರೆಯ ಹಾಗೆ ಕೆಂಪು ರಿಬ್ಬನ್ ಕಟ್ಟಿ ಅವರ ಅಂಚೆಪೆಟ್ಟಿಗೆಗೆ ನೇತುಹಾಕಿ ಬಂದ. ಕಾಫಿ ಕುಡಿಯುವ ಕಡೆ ಗಂಡಸರು ಒಂದು ವಾರ ನಕ್ಕರು. ಆಮೇಲೆ ಗೊತ್ತಾಯಿತು, ಅವಳ ಗಂಡ ಹಾರ್ಲನ್‌ಗೆ ಕ್ಯಾನ್ಸರ್ ಆಗಿ ಆ ಬೇಸಿಗೆಯಿಡೀ ಹಾಸಿಗೆ ಹಿಡಿದಿದ್ದ ಎಂದು. ಅಕ್ಟೋಬರಿನಲ್ಲಿ ತೀರಿಕೊಂಡ. ಅಣ್ಣ ಮಣ್ಣಿಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಬಂದ. ಕ್ಷಮೆ ಮಾತ್ರ ಕೇಳಲಿಲ್ಲ. ಅಂದಿನಿಂದ ಪೇಟೆಗೆ ಹೋಗಲು ಎರಡು ಮೈಲಿ ಸುತ್ತಾದರೂ ಬೇರೆ ದಾರಿಯನ್ನೇ ಹಿಡಿಯುತ್ತಾನೆ.

ಬಕೆಟ್ಟನ್ನು ಜಗಲಿಯಲ್ಲಿ ಅತ್ತಿಗೆಯ ಪಕ್ಕಕ್ಕಿಟ್ಟು ಹೊರಟೆವು. ಅಣ್ಣ ಪಿಕಪ್ ಓಡಿಸುತ್ತ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿದ್ದ. ರಸ್ತೆ ಬದಿಯ ಹುಲ್ಲನ್ನೆಲ್ಲ ನುಣ್ಣಗೆ ಕತ್ತರಿಸಿದ್ದರು. ಮೆಕ್ಕೆಜೋಳದ ಹೊಲಗಳು ರಸ್ತೆಯ ಅಂಚಿನವರೆಗೂ ಬಂದು ನಿಂತಿದ್ದವು, ಅಂಚಿನಲ್ಲಿ ಒಂದು ಹುಲ್ಲೆಸಳಿಲ್ಲ. ರೈಲು ಹಳಿಯ ಪಕ್ಕ ಕಳೆ ಕೊಲ್ಲುವ ಔಷಧಿ ಹೊಡೆದು ನೆಲ ಕಂದಾಗಿತ್ತು. ಸ್ಮಶಾನದ ಬೇಲಿ ಸುತ್ತಿದೆವು, ಅಲ್ಲೂ ಇಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಮುಂದಿನ ತಿರುವಿನಲ್ಲಿ ಇದ್ದೇ ಇರುತ್ತದೆ ಎನ್ನುತ್ತ ಪ್ರತಿ ತಿರುವಿನಲ್ಲೂ ಇಳಿದ, ಹತ್ತಿದ. ಕೊನೆಗೆ ಸೇತುವೆಯ ಹತ್ತಿರ ಒಂದು ಗಿಡ ಕಂಡಿತು. ಓಡಿಹೋಗಿ ಮುರಿಯಲು ಹೊರಟವನನ್ನು ನಾನು ತಡೆದೆ. ಎಲೆಗಳೆಲ್ಲ ತಿರುಚಿಕೊಂಡು ಹಳದಿಯಾಗಿದ್ದವು. ಔಷಧಿ ಬಿದ್ದದ್ದು, ಹುಳುಗಳಿಗೆ ಹಾಕುವಂತಿಲ್ಲ.

ಅಣ್ಣ ಸೇತುವೆಯ ಕಟ್ಟೆಗೆ ಒರಗಿ ನಿಂತ. "ಎಲ್ಲಿ ಹೋದ್ವೇ ಇವೆಲ್ಲ?"

"ನೀನೇ ಹೇಳಪ್ಪ."

"ನಾನೊಬ್ಬನೇ ಏನು ಕಡಿಲಿಲ್ಲ."

"ನಾನೂ ಕಡಿದಿದ್ದೀನಿ. ಎಲ್ಲರೂ ಕಡಿದ್ವಿ. ಆಮೇಲೆ ಔಷಧಿ ಬಂತು, ಕಡಿಯೋದಕ್ಕೂ ಏನೂ ಉಳೀಲಿಲ್ಲ."

ಅವನಿಗೆ ಸಿಟ್ಟು ಬಂತು. ಒಂದು ಚಿಟ್ಟೆಗೋಸ್ಕರ ರೈತ ಹೊಲ ಹಾಳುಮಾಡಿಕೊಳ್ಳಬೇಕೇ ಎಂದ. ನನಗೂ ಸಿಟ್ಟು ಬಂತು. "ಹೊಲದಲ್ಲಿ ಬಿಡು ಅಂತ ಯಾರು ಹೇಳಿದ್ರು? ಹೊಲ ನಿಂದು. ಆ ಗ್ಯಾಸ್ ಟ್ಯಾಂಕಿನ ಕೆಳಗೆ ನೀನು ಯಾವ ಸೋಯಾ ಬಿತ್ತೋನಿದ್ದೆ? ಬೇಲಿ ಮೂಲೆ, ಶೆಡ್ಡಿನ ಹಿಂದೆ, ಯಾವ ಬೆಳೆಗೂ ಬೇಡದ ಜಾಗ ಎಷ್ಟಿಲ್ಲ? ಈ ಆಗಸ್ಟಿನ ಮರಿಗಳೇ ದೊಡ್ಡವಾಗಿ ಚಳಿಗಾಲ ಕಳೆಯೋಕೆ ಮೆಕ್ಸಿಕೋ ಬೆಟ್ಟದವರೆಗೂ ಹಾರಬೇಕು ಅಣ್ಣ. ಇವು ಹೋಗಲಿಲ್ಲ ಅಂದ್ರೆ ಬರೋ ವರ್ಷ ವಾಪಸ್ ಬರೋಕೆ ಯಾವುದಿರುತ್ತೆ?"

ಆಗಲೇ ಅತ್ತಿಗೆಯ ಫೋನ್ ಬಂತು. ಎಲೆ ಒಣಗಿದವಂತೆ. ಹುಳುಗಳು ಬಕೆಟ್ಟಿನಿಂದ ಹೊರಬಂದು ಜಾಲರಿಯ ಮೇಲೆ ತಿನ್ನಲು ಹುಡುಕುತ್ತ ಓಡಾಡುತ್ತಿವೆಯಂತೆ. "ಹತ್ತೇ ಕಾಣ್ತಿವೆ ಲೋವೆಲ್. ನಾನು ಎದ್ದು ಹುಡುಕೋಕಾಗ್ತಿಲ್ಲ" ಎಂದಳು. ಅಣ್ಣ ಫೋನ್ ನನ್ನ ಕೈಗೆ ಕೊಟ್ಟು ಗಾಡಿ ತಿರುಗಿಸಿದ. ಹದಿನಾಲ್ಕು ವರ್ಷದಿಂದ ಹಿಡಿಯದ ದಾರಿ ಹಿಡಿದ.

ವೆರ್ಲಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅಣ್ಣ ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತ ನಿಂತ. ನಾನೇ ವಿಷಯ ಹೇಳಿದೆ. ಅವಳು ಶೆಡ್ಡಿಗೆ ಹೋಗಿ ಕುಡುಗೋಲು ತಂದಳು. ಹಿಡಿಯ ತುದಿಯಲ್ಲಿ ಬಣ್ಣ ಹೋದ ರಿಬ್ಬನ್ನಿನ ಗಂಟು ಇನ್ನೂ ಇತ್ತು. ಹಳ್ಳದ ತಿರುವಿಗೆ ಕರೆದುಕೊಂಡು ಹೋಗಿ, ಎದೆಯೆತ್ತರದ ಗಿಡಗಳಲ್ಲಿ ಬಲಿತ ಹನ್ನೆರಡನ್ನು ಆರಿಸಿ, ಒಂದೊಂದರ ಎಲೆ ತಿರುಗಿಸಿ ಮೊಟ್ಟೆಯಿಲ್ಲವೆಂದು ನೋಡಿ ಕಡಿದು ಕೊಟ್ಟಳು.

ಅಣ್ಣ ನೆಲ ನೋಡುತ್ತ, "ವೆರ್ಲಾ, ಆ ಕುಡುಗೋಲು ನಾನೇ ಹಾಕಿದ್ದು" ಎಂದ.

"ಗೊತ್ತು. ಹಾರ್ಲನ್‌ಗೆ ಹೇಳ್ಲಿಲ್ಲ. ಯಾರೋ ಕಳೆ ಕಡಿಯೋಕೆ ಬರ್ತೀನಿ ಅಂತ ಗುರುತಿಗೆ ಇಟ್ಟು ಹೋಗಿದ್ದಾರೆ ಅಂದೆ. ಅವನು ನಂಬಿಬಿಟ್ಟ. ಆ ಬೇಸಿಗೆ ಪೂರ್ತಿ ಮಂಚ ಕಿಟಕಿ ಕಡೆ ತಿರುಗಿಸ್ಕೊಂಡು ರಸ್ತೆ ನೋಡ್ತಿದ್ದ. ಇವತ್ತು ಬಂದ್ರಾ ಅಂತ ಕೇಳ್ತಿದ್ದ."

ಅಣ್ಣ ಅತ್ತ. ಅಪ್ಪ ಸತ್ತಾಗಲೂ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. "ಬರಬೇಕಾಗಿತ್ತು" ಎಂದ, ಅಷ್ಟೇ. ವೆರ್ಲಾ ಗಿಡಗಳ ಕಟ್ಟನ್ನು ಅವನ ತೋಳಿಗೆ ಕೊಟ್ಟು, ಮೇಲೆ ಕುಡುಗೋಲನ್ನೂ ಇಟ್ಟಳು. "ಹುಳ ಹಸ್ಕೊಂಡಿವೆ, ಮೊದಲು ಮನೆಗೆ ಹೋಗು. ನವೆಂಬರಿನಲ್ಲಿ ಇದನ್ನ ವಾಪಸ್ ತಗೊಂಡು ಬಾ. ಬೀಜ ಬಿತ್ತೋಕೆ ನನಗೂ ಕೈ ಸಾಲದು."

ಹನ್ನೊಂದನೆಯ ಹುಳು ಅತ್ತಿಗೆಯ ಚಪ್ಪಲಿಯ ಒಳಗೆ ಸಿಕ್ಕಿತು. ನೀರಿನ ಜಾಡಿಯಲ್ಲಿ ನಿಲ್ಲಿಸಿದ ಹೊಸ ಗಿಡಗಳನ್ನು ಅವು ತಿನ್ನುವುದನ್ನು ಅಣ್ಣ ಮಂಡಿಯೂರಿ ಕೂತು ನೋಡಿದ. ಆ ವಾರ ಇನ್ನೆರಡು ಸಲ ವೆರ್ಲಾಳ ಮನೆಗೆ ಹೋಗಿ ಎಲೆ ತಂದ. ಸೆಪ್ಟೆಂಬರ್ ಮೊದಲಲ್ಲಿ ಒಂಬತ್ತು ಚಿಟ್ಟೆಗಳಾದವು, ಎರಡು ಉಳಿಯಲಿಲ್ಲ. ಕೊನೆಯದು ಹಾರುವ ದಿನ ಅತ್ತಿಗೆ ಊರುಗೋಲು ಹಿಡಿದು ಜಗಲಿಯ ಮೆಟ್ಟಿಲು ಇಳಿದಳು. ಅದು ಸ್ವಲ್ಪ ಹೊತ್ತು ಅವಳ ತೋಳಿನ ಮೇಲೆ ಕೂತಿತ್ತು, ಆಮೇಲೆ ದಕ್ಷಿಣಕ್ಕೆ ಹೋಯಿತು.

ನವೆಂಬರಿನಲ್ಲಿ, ಹಿಮ ಬೀಳುವ ಮುಂಚೆ, ಅಣ್ಣ ಆ ಕುಡುಗೋಲಿನ ತುದಿಯಿಂದಲೇ ಗ್ಯಾಸ್ ಟ್ಯಾಂಕಿನ ಸುತ್ತ ಮಣ್ಣು ಗೀರಿ ಬೀಜ ಹಾಕಿದ. ಅದಕ್ಕೂ ಮೊದಲು ವೆರ್ಲಾಳ ಬೇಲಿಗುಂಟ ಇಡೀ ದಿನ ಹಾಕಿ ಬಂದಿದ್ದ.

ಇದನ್ನು ಓದುತ್ತಿರುವ ನೆರೆಹೊರೆಯವರೇ, ನಿಮ್ಮ ಮನೆಯ ಹಿಂದೆಯೂ ಮೆಷಿನ್ನು ಹೋಗದ ಒಂದು ಮೂಲೆ ಇದ್ದೇ ಇರುತ್ತದೆ. ಅದನ್ನು ಹಾಲುಕಳೆಗೆ ಬಿಟ್ಟುಕೊಡಿ. ಈ ಸೀಮೆಯದೇ ಬೀಜ ಹಾಕಿ, ಕಾಯಿ ಕಂದಾಗಿ ಒಣಗಿದ ಮೇಲೆ ಬಿಡಿಸಿಕೊಳ್ಳಿ. ಚಳಿ ತಿಂದರೇ ಅದು ಮೊಳೆಯುವುದು, ಆದ್ದರಿಂದ ಹಿಮಕ್ಕೆ ಮುಂಚೆ ಬಿತ್ತಿ. ಮೊದಲ ವರ್ಷ ಬೆರಳುದ್ದ ಇದ್ದರೆ ಬೇಜಾರಾಗಬೇಡಿ. ಅದರ ಹತ್ತಿರ ಔಷಧಿ ಹೊಡೆಯಬೇಡಿ. ಅದರ ಹಾಲು ಕಣ್ಣಿಗೆ ತಾಗಬಾರದು, ಮುಟ್ಟಿದರೆ ಕೈ ತೊಳೆದುಕೊಳ್ಳಿ. ದನ ಕುದುರೆ ಮೇಯುವ ಕಡೆ ಬೆಳೆಸಬೇಡಿ.

ಬೀಜ ಬೇಕಾದರೆ ಗ್ರಂಥಾಲಯಕ್ಕೆ ಬನ್ನಿ, ನಾನು ಕೊಡುತ್ತೇನೆ. ಬಿತ್ತಲು ಕೈಲಾಗದವರು, ಮನೆಯಲ್ಲಿ ಕಾಯಿಲೆಯವರು ಇರುವವರು ಲೋವೆಲ್‌ಗೆ ಒಂದು ಫೋನ್ ಮಾಡಿ. ಕುಡುಗೋಲು ತೆಗೆದುಕೊಂಡು ಅವನೇ ಬರುತ್ತಾನೆ. ಬರುತ್ತೇನೆ ಎಂದರೆ ಈಗ ಬಂದೇ ಬರುತ್ತಾನೆ.